ಕಾರ್ಟಿಸಾಲ್ ಎಷ್ಟು ಎನ್ನುವ ಮೊದಲು, ಗಂಟೆ ಎಷ್ಟು?

ಪ್ರಶ್ನೆ: ವಯಸ್ಸು 46, ಬ್ಯಾಂಕ್ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ಎದೆ ಡವಡವ ಅನ್ನುತ್ತದೆ. ಎಂಟು ಗಂಟೆಗೆ ರಕ್ತ ಕೊಟ್ಟಾಗ ಕಾರ್ಟಿಸಾಲ್ 18 ಇತ್ತು, ಸಂಜೆ ಬೇರೆ ಲ್ಯಾಬಿನಲ್ಲಿ 7 ಬಂತು. ಯಾವುದು ಸರಿ? ಒತ್ತಡದ ಹಾರ್ಮೋನು ಇಳಿಸಲು ಮಾತ್ರೆ ಬೇಕೇ?
– ಓದುಗರು, ದಾವಣಗೆರೆ

ಉತ್ತರ: ಎರಡೂ ಸರಿ. ಮಾತ್ರೆ ಬೇಡ.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರೀನಲ್ ಗ್ರಂಥಿಗಳು ಕಾರ್ಟಿಸಾಲನ್ನು ದಿನವಿಡೀ ಒಂದೇ ಸಮ ಸ್ರವಿಸುವುದಿಲ್ಲ. ನಡುರಾತ್ರಿಯ ಆಸುಪಾಸಿನಲ್ಲಿ ರಕ್ತದಲ್ಲಿ ಅದು ತೀರಾ ಕಡಿಮೆ. ಎರಡು–ಮೂರು ಗಂಟೆಯ ಹೊತ್ತಿಗೆ, ಮನುಷ್ಯ ಇನ್ನೂ ನಿದ್ದೆಯಲ್ಲಿರುವಾಗಲೇ, ಏರತೊಡಗುತ್ತದೆ. ಎಚ್ಚರವಾದ ಮೇಲೆ 30–45 ನಿಮಿಷಗಳೊಳಗೆ ಇನ್ನೊಂದು ಜಿಗಿತ: ಅನೇಕರಲ್ಲಿ ಎದ್ದ ಕ್ಷಣದಲ್ಲಿ ಇದ್ದುದಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚಾಗುತ್ತದೆ. ಯಕೃತ್ತಿನಿಂದ ಸಕ್ಕರೆ ಹೊರಬರಬೇಕು, ಎದ್ದು ನಿಂತಾಗ ರಕ್ತದೊತ್ತಡ ಕುಸಿಯಬಾರದು. ಮೈ ದಿನದ ಕೆಲಸಕ್ಕೆ ಹೀಗೆ ಅಣಿಯಾಗುತ್ತದೆ. ಆಮೇಲೆ ಸಂಜೆಯವರೆಗೂ ಇಳಿಜಾರು. ನಡುವೆ ಊಟ, ಜಗಳ, ಬಿರುಸಿನ ವ್ಯಾಯಾಮ ಅದನ್ನು ಸ್ವಲ್ಪ ಹೊತ್ತು ಮೇಲೆತ್ತುವುದುಂಟು.

ಹಾಗಾಗಿ ಗಂಟೆ ಬರೆಯದ ಕಾರ್ಟಿಸಾಲ್ ವರದಿಗೆ ಅರ್ಥವೇ ಇಲ್ಲ. ವೈದ್ಯರು ಈ ಏರಿಳಿತವನ್ನೇ ಸಾಕ್ಷಿಯಾಗಿ ಬಳಸುತ್ತಾರೆ. ಹಾರ್ಮೋನು ಸಾಲದೆ ಬರುವ ಅಡಿಸನ್ ಕಾಯಿಲೆಯ ಅನುಮಾನವಿದ್ದರೆ ಬೆಳಿಗ್ಗೆ ಎಂಟರ ರಕ್ತ ನೋಡುತ್ತಾರೆ, ಏಕೆಂದರೆ ಹೆಚ್ಚಿರಬೇಕಾದ ಹೊತ್ತು ಅದು. ವಿಪರೀತ ಹೆಚ್ಚಾಗುವ ಕುಶಿಂಗ್ ಕಾಯಿಲೆಯ ಅನುಮಾನವಿದ್ದರೆ ರಾತ್ರಿ ಹನ್ನೊಂದರ ಸುಮಾರಿಗೆ ಜೊಲ್ಲಿನ ಮಾದರಿ ಕೇಳುತ್ತಾರೆ. ತಗ್ಗಬೇಕಾದ ಹೊತ್ತಿನಲ್ಲಿ ತಗ್ಗದಿರುವುದೇ ಅಲ್ಲಿನ ಸುಳಿವು. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡುವವರಿಗೆ ಈ ಗಂಟೆಗಳ ಲೆಕ್ಕ ಹಾಗೇ ಹೊಂದುವುದಿಲ್ಲ. ಪರೀಕ್ಷೆಗೆ ಮೊದಲೇ ಪಾಳಿಯ ವಿಷಯ ಹೇಳಬೇಕು.

ರೋಗಲಕ್ಷಣವಿಲ್ಲದವರ ಹೆಲ್ತ್ ಪ್ಯಾಕೇಜಿನಲ್ಲಿ ಕಾರ್ಟಿಸಾಲ್ ಸೇರಿಸುವುದು ಜನರನ್ನು ಸುಮ್ಮನೆ ಹೆದರಿಸಿದಂತೆ. ಎದೆಬಡಿತದ ಕಾರಣ ಬೇರೆಡೆ ಹುಡುಕಬೇಕು: ಹಿಮೋಗ್ಲೋಬಿನ್, ಥೈರಾಯ್ಡ್, ಒಂದು ಇಸಿಜಿ.

ಪ್ರಶ್ನೆ: ಸಕ್ಕರೆ ಕಾಯಿಲೆಯಿದೆ. ರಾತ್ರಿ ಎರಡೇ ಚಪಾತಿ ತಿಂದು ಮಲಗಿದರೂ ಬೆಳಿಗ್ಗೆ ಶುಗರ್ ಜಾಸ್ತಿ, ಏಕೆ?
– ಓದುಗರು, ಶಿವಮೊಗ್ಗ

ಉತ್ತರ: ನಸುಕಿನಲ್ಲಿ ಏರುವ ಕಾರ್ಟಿಸಾಲ್, ರಾತ್ರಿ ಸ್ರವಿಸಿದ ಬೆಳವಣಿಗೆಯ ಹಾರ್ಮೋನು ಎರಡೂ ಸಕ್ಕರೆಯನ್ನು ಮೇಲಕ್ಕೆ ತಳ್ಳುತ್ತವೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಅದನ್ನು ಸರಿದೂಗಿಸುತ್ತದೆ, ಮಧುಮೇಹಿಗಳಲ್ಲಿ ಆಗುವುದಿಲ್ಲ. ಇನ್ನೊಂದು ಚಪಾತಿ ಬಿಟ್ಟು ಉಪವಾಸ ಮಲಗುವುದು ಪರಿಹಾರವಲ್ಲ. ರಾತ್ರಿಯ ಔಷಧದ ಪ್ರಮಾಣ, ಹೊತ್ತು ಬದಲಿಸಬೇಕೇ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು.

ಪ್ರಶ್ನೆ: ಅಮ್ಮ ಮಂಡಿನೋವಿಗೆ ಯಾರೋ ಕೊಟ್ಟ ಮಾತ್ರೆಯನ್ನು ಒಂದು ವರ್ಷದಿಂದ ನುಂಗುತ್ತಿದ್ದಾರೆ. ಮುಖ ಊದಿದೆ. ಇವತ್ತೇ ನಿಲ್ಲಿಸಲೇ?
– ಓದುಗರು, ಕಲಬುರಗಿ

ಉತ್ತರ: ಬೇಡ, ಒಮ್ಮೆಲೇ ನಿಲ್ಲಿಸಬಾರದು.

ಅದು ಸ್ಟಿರಾಯ್ಡ್, ಅಂದರೆ ಕಾರ್ಟಿಸಾಲ್‌ನ ಕೆಲಸವನ್ನೇ ಮಾಡುವ ಔಷಧ, ಇರುವ ಸಾಧ್ಯತೆ ಹೆಚ್ಚು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟಾಗ, ಹಾಸಿಗೆ ಹಿಡಿದಿದ್ದಾಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ಹೆಂಚ್, ರಸಾಯನ ವಿಜ್ಞಾನಿಗಳಾದ ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಅದೇ ಗುಣ ಇಂದು ಹೆಸರಿಲ್ಲದ ಪುಡಿ, ಮಾತ್ರೆಗಳನ್ನು ಮಾರಿಸುತ್ತಿದೆ. ಇದು ಮೋಸ, ಪ್ರಾಣಕ್ಕೆ ಅಪಾಯ. ಹೊರಗಿನಿಂದ ಬರುತ್ತಿದ್ದರೆ ಅಡ್ರೀನಲ್ ಗ್ರಂಥಿ ತನ್ನ ಕೆಲಸ ಮರೆಯುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು, ವಾಂತಿ, ಪ್ರಜ್ಞೆ ತಪ್ಪುವುದು ಆಗಬಹುದು. ವೈದ್ಯರು ವಾರಗಟ್ಟಲೆ ಪ್ರಮಾಣ ತಗ್ಗಿಸುತ್ತಾ ಹೋಗುತ್ತಾರೆ, ಸಾಮಾನ್ಯವಾಗಿ ಬೆಳಗಿನ ತಿಂಡಿಯ ನಂತರ ಕೊಡುತ್ತಾರೆ. ಮೈಯ ಸ್ವಂತ ಲಯಕ್ಕೆ ಅದು ಹತ್ತಿರ.

ಮಾತ್ರೆಯ ಪಟ್ಟಿ ಅಥವಾ ಉಳಿದ ಪುಡಿಯ ಸಮೇತ ಈ ವಾರವೇ ಫಿಜಿಷಿಯನ್ ಬಳಿ ಕರೆದುಕೊಂಡು ಹೋಗಿ. ಅಷ್ಟರೊಳಗೆ ವಾಂತಿ, ವಿಪರೀತ ಸುಸ್ತು ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ, ಆಸ್ಪತ್ರೆಯಲ್ಲಿ ಮೊದಲು ಈ ಮಾತ್ರೆಯ ವಿಷಯವನ್ನೇ ತಿಳಿಸಿ.