ಕಲ್ಲು ನಿಲ್ಲಿಸಿದರೆ ಸಾಲದು, ಹಾದಿ ಸವರಬೇಕು

ಮಲಪನಗುಡಿ ಕಡೆಯವರಿಗೆ ಫೆಬ್ರವರಿ ತಿಂಗಳಿನ ಎರಡು ಬಣ್ಣ ಗೊತ್ತಿರುತ್ತೆ. ಕಾಲುವೆ ನೀರು ಮುಟ್ಟುವ ಕಡೆ ಬಾಳೆ, ಕಬ್ಬು, ಹಸಿರು. ನೀರು ಮುಟ್ಟದ ಗುಡ್ಡದ ಮೇಲೆ ಒಣಗಿ ಹಳದಿಯಾದ ಹುಲ್ಲು, ಬಂಡೆ, ಮುಳ್ಳುಪೊದೆ. ದಕ್ಷಿಣಕ್ಕೆ ಜಂಬುನಾಥ ಬೆಟ್ಟ, ಅದರಾಚೆ ಸಂಡೂರಿನ ಬೆಟ್ಟಸಾಲು. ಆ ಹುಲ್ಲಿಗೆ ಆರದ ಒಂದು ಬೀಡಿ ತುಂಡು ಸಾಕು. ರಾತ್ರಿ ಗುಡ್ಡದ ಮೇಲೆ ಕೆಂಪು ಗೆರೆ ಕಂಡರೆ ನಾವೆಲ್ಲ ಫೋಟೋ ತೆಗೆದು ಸ್ಟೇಟಸ್ ಹಾಕ್ತೀವಿ. ಅದನ್ನ ಆರಿಸೋಕೆ ಯಾರು ಹತ್ತಿ ಹೋಗ್ತಾರೆ? ಹೋದವರಲ್ಲಿ ಯಾರಾದರೂ ವಾಪಸ್ ಬರದೇ ಇದ್ದರೆ ಅವರನ್ನ ನಾವು ಹೇಗೆ ನೆನಪಿಟ್ಟುಕೊಳ್ಳಬೇಕು? ಈ ಲೇಖನ ಆ ಎರಡನೇ ಪ್ರಶ್ನೆ ಬಗ್ಗೆ. ಉತ್ತರಕ್ಕೆ ಸ್ವಲ್ಪ ಫಿಸಿಕ್ಸು, ಸ್ವಲ್ಪ ಸಿವಿಲ್ ಇಂಜಿನಿಯರಿಂಗು, ಒಂದು ಹಳೆಯ ಶಾಸನ ಬೇಕಾಗುತ್ತೆ.

ನಮ್ಮ ಕಾಡಿನ ಹೆಸರುಗಳು

2017ರ ಫೆಬ್ರವರಿ 18ರಂದು ಬಂಡೀಪುರದ ಕಲ್ಕೆರೆ ವಲಯದಲ್ಲಿ ಕಾಡ್ಗಿಚ್ಚು ಆರಿಸುತ್ತಿದ್ದಾಗ ಅರಣ್ಯ ರಕ್ಷಕ ಮುರಿಗೆಪ್ಪ ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಭಾಗದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿ ಸುಂದರೇಶ್ ಸುಟ್ಟಗಾಯಗಳಿಂದ ಸತ್ತರು. ಪಕ್ಕದ ಕೇರಳದ ತ್ರಿಶೂರ್ ಜಿಲ್ಲೆಯಲ್ಲಿ 2020ರ ಫೆಬ್ರವರಿಯಲ್ಲಿ ಒಂದೇ ಬೆಂಕಿಗೆ ಮೂವರು ಅರಣ್ಯ ನೌಕರರು ಬಲಿಯಾದರು. ಉತ್ತರಾಖಂಡದ ಬಿನ್ಸರ್ ಅಭಯಾರಣ್ಯದಲ್ಲಿ 2024ರ ಜೂನ್ 13ರಂದು ನಾಲ್ವರು ಸತ್ತರು.

ಪ್ರತಿ ವರ್ಷ ಸೆಪ್ಟೆಂಬರ್ 11ನ್ನು ದೇಶದಲ್ಲಿ ಅರಣ್ಯ ಹುತಾತ್ಮರ ದಿನ ಅಂತ ಆಚರಿಸ್ತಾರೆ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರಗಳನ್ನು ಉಳಿಸೋಕೆ ಅಮೃತಾ ದೇವಿ ಜೊತೆ 363 ಬಿಷ್ಣೋಯಿಗಳು ಪ್ರಾಣ ಕೊಟ್ಟ ನೆನಪಿನ ದಿನ ಅದು. ಆವತ್ತು ಹೂವಿನ ಹಾರ, ಎರಡು ನಿಮಿಷದ ಮೌನ, ಒಂದು ಭಾಷಣ ಇರುತ್ತೆ. ಇದು ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಸೆಪ್ಟೆಂಬರಿನಲ್ಲಿ ಕಾಡು ಹಸಿರಾಗಿರುತ್ತೆ. ಬೆಂಕಿಯ ಕೆಲಸ ಶುರುವಾಗೋದು ಡಿಸೆಂಬರಿಗೆ. ಆ ಹೊತ್ತಿಗೆ ಹೂವೂ ಬಾಡಿರುತ್ತೆ, ನೆನಪೂ ಬಾಡಿರುತ್ತೆ.

ದೂರದ ಒಂದು ಬೆಟ್ಟ

ಬೆಂಕಿಯಲ್ಲಿ ಸತ್ತವರನ್ನ ಬೇರೆ ಥರ ನೆನೆಯುವ ಒಂದು ಜಾಗ ಅಮೆರಿಕದ ಕೊಲರಾಡೊ ರಾಜ್ಯದಲ್ಲಿದೆ. ಗ್ಲೆನ್‌ವುಡ್ ಸ್ಪ್ರಿಂಗ್ಸ್ ಅನ್ನೋ ಊರಿನ ಪಶ್ಚಿಮಕ್ಕೆ ಸ್ಟಾರ್ಮ್ ಕಿಂಗ್ ಅಂತ ಒಂದು ಬೆಟ್ಟ. 1994ರ ಜುಲೈ 2ರಂದು ಅಲ್ಲಿ ಸಿಡಿಲು ಬಡಿದು ಸಣ್ಣ ಬೆಂಕಿ ಹತ್ತಿತು. ನಾಲ್ಕು ದಿನದ ನಂತರ, ಜುಲೈ 6ರಂದು, ಸಿಬ್ಬಂದಿ ಇಳಿಜಾರಿನಲ್ಲಿ ಬೆಂಕಿರೇಖೆ ಕಡೀತಾ ಇದ್ದರು. ಬೆಂಕಿರೇಖೆ ಅಂದ್ರೆ ಗಿಡ, ಹುಲ್ಲು, ತರಗೆಲೆ ಎಲ್ಲ ತೆಗೆದು ಬರೀ ಮಣ್ಣು ಕಾಣೋ ಹಾಗೆ ಮಾಡಿದ ಪಟ್ಟಿ. ಮಧ್ಯಾಹ್ನ ಒಣ ಶೀತ ಮಾರುತ ಬಂತು. ಗಾಳಿ ಜೋರಾಯ್ತು. ಬೆಂಕಿ ಅವರಿಗಿಂತ ಕೆಳಗಿನ ಕಣಿವೆಗೆ ದಾಟಿ, ಅಲ್ಲಿಂದ ಮೇಲಕ್ಕೆ ಓಡಿತು. ಹದಿನಾಲ್ಕು ಜನ ಸತ್ತರು. ಅವರಲ್ಲಿ ಒಂಬತ್ತು ಜನ ಆರೆಗಾನ್ ರಾಜ್ಯದ ಪ್ರೈನ್‌ವಿಲ್ ಅನ್ನೋ ಒಂದೇ ತಂಡದವರು. ಮೂವರು ಪ್ಯಾರಾಶೂಟಿನಲ್ಲಿ ಇಳಿಯುವವರು, ಇಬ್ಬರು ಹೆಲಿಕಾಪ್ಟರ್ ತಂಡದವರು.

ತನಿಖಾ ವರದಿಯ ಒಂದು ಮಾತು ಇವತ್ತಿಗೂ ತರಬೇತಿಗಳಲ್ಲಿ ಬರುತ್ತೆ. ಬೆಂಕಿ ಆರಿಸುವವರಿಗೆ ಇರುವ 10 ಮೂಲ ನಿಯಮಗಳಲ್ಲಿ 8ಕ್ಕೆ ಅಲ್ಲಿ ಧಕ್ಕೆ ಬಂದಿತ್ತು. ಎಚ್ಚರ ತಪ್ಪಬಾರದ 18 ಸಂದರ್ಭಗಳಲ್ಲಿ 12 ಅಲ್ಲಿ ಹಾಜರಿದ್ದವು. ಇದು ಸತ್ತವರ ಮೇಲೆ ತಪ್ಪು ಹೊರಿಸೋಕೆ ಬರೆದಿದ್ದಲ್ಲ ಅಂತ ನಾನು ಓದಿಕೊಂಡೆ. ನಿಯಮ ಕಾಗದದ ಮೇಲಿದ್ದರೆ ಸಾಲದು, ಅದು ಕಾಲಿಗೆ ಗೊತ್ತಿರಬೇಕು ಅನ್ನೋದು ಅದರ ಪಾಠ.

ಬೆಂಕಿ ಯಾಕೆ ಮೇಲಕ್ಕೆ ಓಡುತ್ತೆ?

ಬೆಂಕಿಗೆ ಮೂರು ಬೇಕು: ಇಂಧನ, ಆಮ್ಲಜನಕ, ಶಾಖ. ಕಾಡಿನಲ್ಲಿ ಗಾಳಿಯನ್ನ ತಡೆಯೋಕೆ ಆಗಲ್ಲ. ನೀರು ಹಾಕಿ ಶಾಖ ತೆಗೆಯೋಣ ಅಂದ್ರೆ ಬೆಟ್ಟದ ಮೇಲೆ ನೀರೆಲ್ಲಿ? ಹಾಗಾಗಿ ನಮ್ಮ ಕೈಯಲ್ಲಿ ಉಳಿಯೋದು ಇಂಧನ ಒಂದೇ.

ಇಂಧನದಲ್ಲೂ ಸಣ್ಣದು ಹೆಚ್ಚು ಅಪಾಯಕಾರಿ. 6 ಮಿಲಿಮೀಟರಿಗಿಂತ ತೆಳುವಾದ ಹುಲ್ಲು, ಕಡ್ಡಿ, ಎಲೆಯನ್ನ ಒಂದು ಗಂಟೆಯ ಇಂಧನ ಅಂತ ಕರೀತಾರೆ. ಗಾಳಿಯ ತೇವಾಂಶ ಬದಲಾದರೆ ಸುಮಾರು ಒಂದು ಗಂಟೆಯಲ್ಲಿ ಅದರ ತೇವವೂ ಬದಲಾಗುತ್ತೆ. ದಪ್ಪ ದಿಮ್ಮಿಗೆ ಅದೇ ಕೆಲಸಕ್ಕೆ ಸಾವಿರ ಗಂಟೆ ಲೆಕ್ಕ. ಬೆಳಿಗ್ಗೆ ಇಬ್ಬನಿಯಲ್ಲಿ ನೆಂದಿದ್ದ ಗುಡ್ಡದ ಹುಲ್ಲು ಮಧ್ಯಾಹ್ನ ಮೂರಕ್ಕೆ ಸಿಡಿಮದ್ದಿನ ಹಾಗಾಗೋದು ಇದಕ್ಕೇ.

ಇನ್ನು ಇಳಿಜಾರು. ಸಮತಟ್ಟಿನಲ್ಲಿ ಜ್ವಾಲೆ ನೇರ ಮೇಲಕ್ಕೆ ನಿಲ್ಲುತ್ತೆ. ಇಳಿಜಾರಿನಲ್ಲಿ ಅದು ಮೇಲಿನ ಹುಲ್ಲಿನ ಮೇಲೆಯೇ ವಾಲಿಕೊಳ್ಳುತ್ತೆ. ವಿಕಿರಣದಿಂದಲೂ ಬಿಸಿಗಾಳಿಯಿಂದಲೂ ಮುಂದಿನ ಹುಲ್ಲು ಮೊದಲೇ ಕಾದು ಒಣಗಿ ಸಿದ್ಧವಾಗಿರುತ್ತೆ. ಆಸ್ಟ್ರೇಲಿಯಾದ ವಿಜ್ಞಾನಿ ಮೆಕಾರ್ಥರ್ ಕೊಟ್ಟ ಒಂದು ಸರಳ ಲೆಕ್ಕ ಇದೆ: ಇಳಿಜಾರು 10 ಡಿಗ್ರಿ ಹೆಚ್ಚಾದ ಹಾಗೆಲ್ಲ ಮೇಲ್ಮುಖ ಬೆಂಕಿಯ ವೇಗ ಹೆಚ್ಚುಕಮ್ಮಿ ದುಪ್ಪಟ್ಟು. ಸಮತಟ್ಟಿನಲ್ಲಿ ಗಂಟೆಗೆ 1 ಕಿಲೋಮೀಟರ್ ಅಂತ ಇಟ್ಕೊಳ್ಳಿ. 10 ಡಿಗ್ರಿಗೆ 2, 20 ಡಿಗ್ರಿಗೆ 4, 30 ಡಿಗ್ರಿಗೆ 8. ಮನುಷ್ಯನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಸೂರ್ಯೋದಯ ನೋಡೋಕೆ ಮಾತಂಗ ಬೆಟ್ಟ ಹತ್ತಿದವರು ನೆನಪು ಮಾಡ್ಕೊಳ್ಳಿ, ಕೊನೆಯ ಮೆಟ್ಟಿಲುಗಳಲ್ಲಿ ಎಷ್ಟು ವೇಗ ಇತ್ತು? ಅದೂ ಬೆಳಗಿನ ತಂಪಿನಲ್ಲಿ, ಬೆನ್ನ ಮೇಲೆ ಭಾರ ಇಲ್ಲದೆ. ಇಳಿಜಾರು ಏರಿದಂತೆ ಬೆಂಕಿಯ ವೇಗ ಏರುತ್ತೆ, ನಮ್ಮದು ಇಳಿಯುತ್ತೆ. ಎರಡು ಗ್ರಾಫ್ ಎಲ್ಲಿ ಒಂದನ್ನೊಂದು ಕತ್ತರಿಸ್ತವೋ ಅಲ್ಲಿಂದ ಮುಂದೆ ಓಡಿ ಗೆಲ್ಲೋಕೆ ಆಗಲ್ಲ.

ಅದಕ್ಕೇ ಬೆಂಕಿಯವರ ಪಾಠದಲ್ಲಿ ನಾಲ್ಕು ಮಾತು ಮೊದಲು ಬರುತ್ತೆ: ಕಾವಲುಗಾರ, ಸಂಪರ್ಕ, ತಪ್ಪಿಸಿಕೊಳ್ಳುವ ದಾರಿ, ಸುರಕ್ಷಿತ ಜಾಗ. ಪಾಲ್ ಗ್ಲೀಸನ್ ಅನ್ನೋ ಅಗ್ನಿಶಾಮಕ 1991ರಲ್ಲಿ ಇದನ್ನ ಹೀಗೆ ಜೋಡಿಸಿಕೊಟ್ಟರು. ಬೆಂಕಿಗೆ ಕೈ ಹಾಕೋ ಮುಂಚೆ ಈ ನಾಲ್ಕೂ ಸಿದ್ಧ ಇರಬೇಕು.

ಹಾದಿ ಹೇಗೆ ಹುಟ್ಟಿತು, ಹೇಗೆ ಉಳಿದಿದೆ

ಸ್ಟಾರ್ಮ್ ಕಿಂಗ್ ದುರಂತದ ನಂತರ ಸತ್ತವರ ಮನೆಯವರು, ಜೊತೆಗಾರರು ಆ ಜಾಗ ನೋಡೋಕೆ ಸುಟ್ಟ ಬೆಟ್ಟ ಹತ್ತತೊಡಗಿದರು. ಅವರ ಕಾಲಿನಿಂದಲೇ ಒಂದು ಸಣ್ಣ ಹಾದಿ ಬಿತ್ತು. 1995ರಲ್ಲಿ ಸ್ವಯಂಸೇವಕರು ಸೇರಿ ಅದನ್ನ ಸರಿಯಾದ ಕಾಲುದಾರಿ ಮಾಡಿದರು. ಒಬ್ಬೊಬ್ಬರು ಬಿದ್ದ ಜಾಗದಲ್ಲೂ ಒಂದೊಂದು ಶಿಲುಬೆ ನೆಟ್ಟಿದ್ದಾರೆ. ಹೋದವರು ಅಲ್ಲಿ ತಮ್ಮ ತಂಡದ ಟೋಪಿ, ಬ್ಯಾಡ್ಜು, ನಾಣ್ಯ ಇಟ್ಟು ಬರ್ತಾರೆ. ಹಾದಿಯನ್ನ ಬೇಕಂತಲೇ ಸುಲಭ ಮಾಡಿಲ್ಲ. ಕಡಿದಾಗಿ, ಒರಟಾಗಿ ಬಿಟ್ಟಿದ್ದಾರೆ. ಆ ಇಳಿಜಾರಿನಲ್ಲಿ ಕೆಲಸ ಮಾಡೋದು ಅಂದ್ರೆ ಏನು ಅಂತ ನಡೆಯೋರ ಮೊಣಕಾಲಿಗೆ ಗೊತ್ತಾಗಲಿ ಅಂತ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನ ಕರ್ಕೊಂಡು ಹೋಗಿ, ಇಲ್ಲಿ ನಿಂತಾಗ ನಿನಗೆ ಏನು ಕಾಣ್ತಿತ್ತು, ನೀನಾದರೆ ಏನು ನಿರ್ಧಾರ ಮಾಡ್ತಿದ್ದೆ ಅಂತ ಕೇಳಿ ಪಾಠ ಮಾಡೋ ಪದ್ಧತಿಯೂ ಇದೆ.

ಈಗ ಸಿವಿಲ್ ವಿಷಯ. ಬೆಟ್ಟದ ಹಾದಿಗೆ ದೊಡ್ಡ ಶತ್ರು ನಡೆಯೋರ ಕಾಲಲ್ಲ, ಮಳೆನೀರು. ಸುಟ್ಟ ಬೆಟ್ಟದಲ್ಲಿ ಇನ್ನೂ ಕಷ್ಟ. ಮಣ್ಣು ಹಿಡಿಯೋಕೆ ಬೇರಿಲ್ಲ, ಸುಟ್ಟ ಮಣ್ಣು ನೀರು ಕುಡಿಯೋದೂ ಕಡಿಮೆ. 1994ರ ಸೆಪ್ಟೆಂಬರ್ 1ರಂದು ಅದೇ ಬೆಟ್ಟದಿಂದ ಮಳೆಗೆ ಕೆಸರು, ಕಲ್ಲು ಇಳಿದು ಕೆಳಗಿನ ಹೆದ್ದಾರಿಯಲ್ಲಿದ್ದ ವಾಹನಗಳನ್ನ ಹೂತುಹಾಕಿತು. ಹಾಗಾಗಿ ಹಾದಿ ಉಳಿಸೋದು ಅಂದ್ರೆ ನೀರನ್ನ ಹಾದಿಯಿಂದ ಹೊರಗೆ ಕಳಿಸೋದು. ನಡೆಯುವ ಪಟ್ಟಿಯನ್ನ ಹೊರಬದಿಗೆ ಸ್ವಲ್ಪ ವಾಲಿಸಬೇಕು. ಕಡಿದಾದ ಕಡೆ ಅಡ್ಡಲಾಗಿ ಕಲ್ಲು ಅಥವಾ ಮರದ ದಿಂಡು ಕೂರಿಸಿ ನೀರಿಗೆ ಪಕ್ಕದ ದಾರಿ ತೋರಿಸಬೇಕು. ಅದರ ಹಿಂದೆ ತುಂಬಿದ ಹೂಳು ಆಗಾಗ ತೆಗೀಬೇಕು. ಬೆಳೆದ ಪೊದೆ ಸವರಬೇಕು. ಒಂದೆರಡು ವರ್ಷ ಬಿಟ್ಟರೆ ಹಾದಿ ಹಳ್ಳ ಆಗುತ್ತೆ, ಇನ್ನೊಂದೆರಡು ವರ್ಷಕ್ಕೆ ಶಿಲುಬೆಗಳ ಹತ್ತಿರ ಹೋಗೋರೇ ಇರಲ್ಲ.

ಈ ಕೆಲಸಕ್ಕೆ ಬಳಸುವ ಒಂದು ಮುಖ್ಯ ಸಲಕರಣೆ ಪುಲಾಸ್ಕಿ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ. ಬೆಂಕಿರೇಖೆ ಕಡಿಯೋಕೂ ಅದೇ. ಅಂದ್ರೆ ಸತ್ತವರು ಮಾಡುತ್ತಿದ್ದ ಕೆಲಸದ ಸಲಕರಣೆಯಿಂದಲೇ, ಅದೇ ಥರ ಹುಲ್ಲು ಕೆರೆದು ಮಣ್ಣು ಕಾಣಿಸಿ, ಅವರ ನೆನಪಿನ ಹಾದಿ ಉಳಿದಿದೆ.

ಇದು ನಮಗೆ ಹೊಸದೇನಲ್ಲ

ಸತ್ತ ಜಾಗದಲ್ಲಿ ಗುರುತು ನಿಲ್ಲಿಸೋದು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಊರೂರಲ್ಲೂ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಮೂರು ಪಟ್ಟಿ, ಕೆಳಗಿಂದ ಮೇಲಕ್ಕೆ ಓದಬೇಕು: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನ ಕರೆದೊಯ್ಯೋದು, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಇರೋದು. ರಾಜರಿಗಷ್ಟೇ ಅಲ್ಲ, ಊರಿನ ದನ ಬಿಡಿಸೋಕೆ ಹೋಗಿ ಸತ್ತ ಸಾಮಾನ್ಯನಿಗೂ ಕಲ್ಲು ನಿಲ್ಲಿಸಿದ್ದಾರೆ. ಊರಿಗಾಗಿ ಸತ್ತವನ ಮನೆಯವರಿಗೆ ಭೂಮಿ ಬಿಡೋ ಪದ್ಧತಿಯೂ ಇತ್ತು, ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ನೆನಪು ಮತ್ತು ಮನೆಯವರ ಅನ್ನ, ಎರಡನ್ನೂ ನಮ್ಮ ಹಿರಿಯರು ಒಟ್ಟಿಗೆ ಯೋಚಿಸಿದ್ದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆತಕೂರಿನ ಶಾಸನ. ಮಂಡ್ಯ ಜಿಲ್ಲೆಯ ಈ ಶಾಸನ ಸುಮಾರು ಕ್ರಿ.ಶ. 949–50ರದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಅನ್ನೋ ಬೇಟೆನಾಯಿ ಕಾಡುಹಂದಿ ಜೊತೆ ಸೆಣಸಿ ಸತ್ತಿತು. ಅದನ್ನ ಸಾಕಿದ್ದ ಮಣಲೇರ ಅದಕ್ಕೊಂದು ಕಲ್ಲು ನಿಲ್ಲಿಸಿದ. ಅಲ್ಲಿಗೇ ಬಿಡಲಿಲ್ಲ. ಕಲ್ಲಿನ ಪೂಜೆಗೆ ಭೂಮಿ ಬಿಟ್ಟ, ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲನ್ನ ಪೂಜಿಸದೆ ಉಂಡರೆ ಅವನಿಗೆ ನಾಯಿಯ ಪಾಪ ತಟ್ಟಲಿ ಅಂತಲೂ ಬರೆಸಿದ. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಅದು ಸ್ಮಾರಕದ ಜೊತೆಗೇ ಬರೆದ ಮೇಂಟೆನೆನ್ಸ್ ಒಪ್ಪಂದ. ಕಲ್ಲು ಒಂದು ದಿನದ ಕೆಲಸ, ಅದನ್ನ ನೋಡಿಕೊಳ್ಳೋದು ದಿನದಿನದ ಕೆಲಸ ಅಂತ ಸಾವಿರ ವರ್ಷದ ಹಿಂದೆಯೇ ಅವನಿಗೆ ಗೊತ್ತಿತ್ತು.

ಹಾಗಾದರೆ ನಮ್ಮ ಹಾದಿ ಯಾವುದು?

ಬಂಡೀಪುರದ ಒಳಗಾಡಿಗೆ ಜನ ನಡೆದು ಹೋಗೋ ಸ್ಮಾರಕ ಹಾದಿ ಮಾಡೋಕೆ ಆಗಲ್ಲ, ಮಾಡಲೂಬಾರದು. ಅದು ಹುಲಿಯ ಮನೆ. ಆದರೆ ನಮ್ಮಲ್ಲಿ ಪ್ರತಿ ವರ್ಷ ಹೊಸದಾಗಿ ಸವರಬೇಕಾದ ಒಂದು ಹಾದಿ ಆಗಲೇ ಇದೆ: ಬೆಂಕಿರೇಖೆ. ಮಳೆ ನಿಂತು ಹುಲ್ಲು ಒಣಗತೊಡಗಿದ ಮೇಲೆ, ಬೇಸಿಗೆಗೆ ಮುಂಚೆ, ಅರಣ್ಯ ಇಲಾಖೆಯವರು ಕಾಡಿನ ರಸ್ತೆ ಮತ್ತು ಗಡಿಯ ಪಕ್ಕ ಹುಲ್ಲು, ಲಂಟಾನ ಸವರಿ, ಹತೋಟಿಯಲ್ಲಿ ಸುಟ್ಟು ಪಟ್ಟಿ ಮಾಡ್ತಾರೆ. ಅದನ್ನ ಮಾಡೋರಲ್ಲಿ ದಿನಗೂಲಿಯವರು, ಕಾಡಂಚಿನ ಹಳ್ಳಿಯವರು ಬಹಳ ಜನ.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು. ಊರುಗಳಿಂದ ಸ್ವಯಂಸೇವಕರೂ ಹೋದರು. ಅವರ ಮನಸ್ಸು ದೊಡ್ಡದು. ಆದರೆ ಮೇಲಿನ ಲೆಕ್ಕ ನೋಡಿದವರಿಗೆ ಗೊತ್ತು, ಬೆಂಕಿ ಹತ್ತಿದ ಮೇಲೆ ತರಬೇತಿ ಇಲ್ಲದವರು ಇಳಿಜಾರಿನಲ್ಲಿ ನಿಲ್ಲೋದು ಇನ್ನೊಂದು ಹೆಸರನ್ನ ಪಟ್ಟಿಗೆ ಸೇರಿಸುವ ಅಪಾಯ. ನಮ್ಮಂಥ ಸ್ವಯಂಸೇವಕರ ಕಾಲ ಡಿಸೆಂಬರು, ಜನವರಿ. ಜಾಗ, ಇಲಾಖೆ ತೋರಿಸಿದ ಗಡಿ. ಸಲಕರಣೆ, ಕುಡುಗೋಲು, ಗುದ್ದಲಿ, ಪೊರಕೆ. ಸುಡುವ ಕೆಲಸ ಮಾತ್ರ ಸಿಬ್ಬಂದಿಯದ್ದೇ.

ನಮ್ಮ ಕಡೆ ಇದಕ್ಕೆ ಜಾಗ ಹುಡುಕಬೇಕಿಲ್ಲ. ಕಮಲಾಪುರದ ಆಚೆ ದರೋಜಿ ಕರಡಿಧಾಮ ಇದೆ, ಅದೂ 1994ರಲ್ಲೇ ಘೋಷಣೆಯಾದದ್ದು. ಸಂಡೂರಿನ ಕಾಡಿದೆ. ಕರಡಿ ತಿನ್ನೋ ಹಣ್ಣಿನ ಪೊದೆ ಒಮ್ಮೆ ಸುಟ್ಟರೆ ಆ ವರ್ಷ ಅದಕ್ಕೆ ಊರಿನ ಹೊಲವೇ ಗತಿ. ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ ಹೋಗೋದು ಅಪರಾಧ. ಆದ್ದರಿಂದ ಎನ್ನೆಸ್ಸೆಸ್ ಘಟಕದ ಮೂಲಕ ವಲಯ ಅರಣ್ಯಾಧಿಕಾರಿಗೆ ಪತ್ರ ಬರೆದು ಕೇಳಬೇಕು. ಒಂದು ದಿನಕ್ಕೆ ಮೂವತ್ತು ಜನ ಸೇರಿದರೆ ಎಷ್ಟು ಮೀಟರ್ ಸವರಬಹುದು ಅನ್ನೋದನ್ನ ಸರ್ವೇ ಲ್ಯಾಬಿನವರು ಅಳೆದು ಬರೆದಿಡಲಿ, ಮುಂದಿನ ವರ್ಷದ ತಂಡಕ್ಕೆ ಬೇಕಾಗುತ್ತೆ.

ಕೆಲಸ ಶುರು ಮಾಡೋ ಮುಂಚೆ ಇಲಾಖೆಯವರ ಬಾಯಲ್ಲೇ ಆ ನಾಲ್ಕು ಮಾತಿನ ಪಾಠ ಕೇಳೋಣ. ಆಮೇಲೆ ಮುರಿಗೆಪ್ಪ, ಸುಂದರೇಶ್ ಅವರ ಹೆಸರು ಒಂದು ಸಲ ಗಟ್ಟಿಯಾಗಿ ಹೇಳೋಣ. ಭಾಷಣ ಬೇಡ. ಮಧ್ಯಾಹ್ನ ಬಿಸಿಲೇರುವ ಮೊದಲು ಮುಗಿಸಬೇಕು ಅಂದರೆ ಬೆಳಿಗ್ಗೆ ಆರೂವರೆಗೆ ಬಸ್ ಹೊರಡಬೇಕು. ಕುಡುಗೋಲು ಇರೋರು ಮನೆಯಿಂದ ತನ್ನಿ, ಹಿಡಿ ಗಟ್ಟಿ ಇದೆಯಾ ಅಂತ ಹಿಂದಿನ ದಿನವೇ ನೋಡ್ಕೊಳ್ಳಿ.