ದರಗಿಗೆ ಹೋಗುವ ಮಕ್ಕಳಿಗೆ

ಅಡಿಕೆ ಕೊಯ್ಲು ಮುಗಿಯುತ್ತಾ ಬಂತು, ಇನ್ನು ದರಗಿಗೆ, ಅಂದರೆ ಒಣಗಿದ ತರಗೆಲೆ ತರಲು, ಕಾಡು ಹತ್ತುತ್ತೀರಿ. ಮಂಗನ ಕಾಯಿಲೆಯ ಕಾಲವೂ ಇದೇ. ನಮ್ಮ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಇದರ ವೈರಸ್ ಪತ್ತೆಯಾದದ್ದು 1957ರಲ್ಲಿ. ಅದನ್ನೇ ಕೊಲ್ಲುವ ಔಷಧಿ ಇನ್ನೂ ಬಂದಿಲ್ಲ. ವರ್ಷಗಟ್ಟಲೆ ಕೊಟ್ಟ ಲಸಿಕೆಯೂ ಸಾಕಷ್ಟು ಕಾಯುವುದಿಲ್ಲವೆಂದು ನಿಂತುಹೋಯಿತು. ಹಾಗಾಗಿ ಇದನ್ನು ಹರಡುವ ಉಣುಗು ಕಡಿಯದಂತೆ ನೋಡಿಕೊಳ್ಳುವುದೇ ಮೊದಲ ಮದ್ದು.

ಮರಿ ಉಣುಗು ಎಳ್ಳಿಗಿಂತ ಸಣ್ಣದು, ಹತ್ತಿದ್ದು ಗೊತ್ತೇ ಆಗುವುದಿಲ್ಲ. ಹೊರಡುವ ಮುಂಚೆ ಕೈಕಾಲಿಗೆ ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚಿ. ಜಿಡ್ಡು, ವಾಸನೆ ಎಂದು ಮೂಗು ಮುರಿಯಬೇಡಿ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಮನೆಗೆ ಬಂದವರೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೀಯಿರಿ. ಕಂಕುಳು, ತೊಡೆಸಂದಿ, ಕಿವಿಯ ಹಿಂದೆ ತಡವಿ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಹಿಸುಕುವುದು, ಸೀಮೆಎಣ್ಣೆ ಬಿಡುವುದು ಬೇಡ.

ಮಂಗ ಸತ್ತಿದ್ದರೆ ಹತ್ತಿರ ಸುಳಿಯಬೇಡಿ. ಹೆಣದಿಂದ ಇಳಿದ ಉಣುಗು ಸುತ್ತಲ ತರಗೆಲೆಯಲ್ಲಿ ಹಸಿದು ಕೂತಿರುತ್ತದೆ. ಆಶಾ ಕಾರ್ಯಕರ್ತೆಗೋ ಅರಣ್ಯದವರಿಗೋ ಅಂದೇ ತಿಳಿಸಿ.

ಇಷ್ಟೆಲ್ಲ ಮಾಡಿಯೂ ಜ್ವರ ಬಂದೀತು. ಚಳಿಜ್ವರ, ತಲೆ ಸಿಡಿತ, ಸೊಂಟ ಕಾಲು ಎತ್ತಲಾಗದ ನೋವು, ಕೆಂಪಾದ ಕಣ್ಣು. ಅಂಗಡಿಯಲ್ಲಿ ಮೈಕೈ ನೋವಿನ ಮಾತ್ರೆ ತಂದು ನುಂಗಬೇಡಿ, ಅವುಗಳಲ್ಲಿ ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ, ಡ್ರಿಪ್ ಕೊಟ್ಟು, ಪ್ಲೇಟ್‌ಲೆಟ್ ನೋಡುತ್ತಾ ಜೀವ ಕಾಪಾಡುತ್ತಾರೆ. ಬೇಗ ಹೋದಷ್ಟೂ ಒಳ್ಳೆಯದು, ಹೆಚ್ಚಿನವರು ಗುಣವಾಗುತ್ತಾರೆ. ಜ್ವರ ಬಿಟ್ಟಿತೆಂದು ತಕ್ಷಣ ತೋಟಕ್ಕೆ ಇಳಿಯಬೇಡಿ. ಕೆಲವರಿಗೆ ವಾರ ಎರಡು ವಾರ ಕಳೆದು ಮತ್ತೆ ಮರುಕಳಿಸಿ, ಕುತ್ತಿಗೆ ಸೆಟೆದು, ಕೈ ನಡುಗಿ, ಮಾತು ತಪ್ಪುವುದುಂಟು.

ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆಯಲ್ಲ. ಜ್ವರ ಬಂದ ಮನೆಗೆ ಹೋಗಲು ಅಂಜುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಲಗಿದವರಿಗೆ ಗಂಜಿ ಕೊಡಿ, ಅವರ ದನ ಕಟ್ಟಿ, ಹಾಲು ಕರೆದುಕೊಡಿ.

ಡಾಕ್ಟರ ಮುಂದೆ ಕೂತಾಗ ಅವರು ಕೇಳಲೆಂದು ಕಾಯಬೇಡಿ. ಕಾಡಿಗೆ ಹೋಗಿದ್ದೆ ಎಂದು ಮೊದಲೇ ಹೇಳಿ.