ಹಳೇ ಫೋರ್ ವೀಲ್ ಗಾಡಿ ಕೊಂಡ ಹುಡುಗರಿಗೆ

ನಮ್ಮ ಕನಕಪುರ, ಮಾಗಡಿ ಕಡೆ ಹುಡುಗರು ಈಚೆಗೆ ಹಳೇ ಫೋರ್ ವೀಲ್ ಗಾಡಿಗಳನ್ನು ಹುಡುಕಿ ಹುಡುಕಿ ತರುತ್ತಿದ್ದೀರಿ. ಒಬ್ಬರ ಮನೆ ಮುಂದೆ ಜಿಪ್ಸಿ, ಇನ್ನೊಬ್ಬರ ಮಾವಿನ ತೋಟದಲ್ಲಿ ಎಂಎಂ 540 ಜೀಪು, ಮತ್ತೊಬ್ಬರ ಹತ್ತಿರ ಬೆಂಗಳೂರಿನವರು ಮಾರಿದ ಹೋಂಡಾ ಸಿಆರ್-ವಿ. ನೋಡಿದರೆ ಸಂತೋಷವಾಗುತ್ತದೆ. ಮಳೆ ಹುಯ್ದ ಮಾರನೇ ದಿನ ಕೆಮ್ಮಣ್ಣಿನ ತೋಟದ ದಾರಿಯಲ್ಲಿ ಇಂಥ ಗಾಡಿಗಿರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ. ಆದರೆ ತಂದ ಸ್ವಲ್ಪ ದಿನಕ್ಕೇ ‘ಹೌಸಿಂಗ್ ಹೋಗಿದೆಯಂತೆ, ಗೇರ್‌ಬಾಕ್ಸ್ ಇಳಿಸಬೇಕಂತೆ’ ಅಂತ ಮುಖ ಸಣ್ಣಗೆ ಮಾಡಿಕೊಂಡು ಬರುತ್ತೀರಿ. ಯಾಕೆ ಇಳಿಸಬೇಕು ಅಂದರೆ ಉತ್ತರ ಇರುವುದಿಲ್ಲ. ಅಂದಾಜಿನ ಮೇಲೆ ಗಾಡಿ ಬಿಚ್ಚಿಸಬೇಡಿ. ಎಂಜಿನ್ನಿನಿಂದ ಚಕ್ರದವರೆಗೆ ಏನೇ ಸದ್ದು ಬಂದರೂ ಮೊದಲು ಅಗ್ಗದ ಜಾಗಗಳನ್ನು ನೋಡಿ: ಟೈರು, ಆಯಿಲ್, ರಬ್ಬರು, ಕ್ರಾಸು. ದುಬಾರಿ ಭಾಗದ ಸರದಿ ಕಡೆಯದು.

ಅದಕ್ಕೂ ಮುಂಚೆ ನಿಮ್ಮ ಗಾಡಿ ಯಾವ ಜಾತಿಯದು ಅಂತ ತಿಳಿದುಕೊಳ್ಳಿ. ಜಿಪ್ಸಿಯಲ್ಲಿ, ಹಳೇ ಮಹೀಂದ್ರ ಜೀಪುಗಳಲ್ಲಿ ಲಿವರ್ ಎಳೆದಾಗ ಮಾತ್ರ ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಚಕ್ರಕ್ಕೂ ಶಕ್ತಿ ಹೋಗುತ್ತದೆ. ಮುಂದಿನ, ಹಿಂದಿನ ಶಾಫ್ಟುಗಳ ನಡುವೆ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಮಣ್ಣಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಒಣಗಿದ ಟಾರಿನಲ್ಲಿ ಜಾರಲು ಜಾಗವಿಲ್ಲ. ಶಾಫ್ಟು, ಗೇರು ಎಲ್ಲ ಮುರುಚಿಕೊಂಡು ಬಿಗಿಯುತ್ತವೆ, ಸ್ಟೀರಿಂಗ್ ಭಾರವಾಗುತ್ತದೆ, ಲಿವರ್ ವಾಪಸ್ ಬರುವುದಿಲ್ಲ. ಆಗ ‘ಟ್ರಾನ್ಸ್‌ಫರ್ ಕೇಸ್ ಹಿಡಿದುಕೊಂಡಿದೆ’ ಅಂತ ಗಾಬರಿ ಬೀಳಬೇಡಿ, ಲಿವರ್ ಮೇಲೆ ಬಲ ತೋರಿಸಬೇಡಿ. ನೇರವಾಗಿ ನಾಲ್ಕು ಮಾರು ರಿವರ್ಸ್ ಹೋಗಿ, ಬಿಗಿ ಸಡಿಲುತ್ತದೆ, ಲಿವರ್ ತಾನಾಗಿ ಬರುತ್ತದೆ.

ಬಿಡದಿಯಲ್ಲಿ 1999ರಿಂದ ಟೊಯೋಟಾ ಗಾಡಿಗಳು ತಯಾರಾಗುತ್ತಿವೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಆ ಕಾರ್ಖಾನೆಯ ಗೇಟಿನೊಳಗೆ ದುಡಿಯುತ್ತಾರೆ. ಟೊಯೋಟಾದ ಫಾರ್ಚುನರ್ ಎರಡನೇ ಜಾತಿ: 2009ರಲ್ಲಿ ಬಂದ ಮೊದಲ ಮಾದರಿಯಲ್ಲಿ ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುತ್ತದೆ. ಅದರ ಮಧ್ಯದಲ್ಲಿ ಮೂರನೇ ಡಿಫರೆನ್ಷಿಯಲ್ ಇದೆ, ಹಾಗಾಗಿ ಟಾರಿನಲ್ಲಿ ತೊಂದರೆಯಿಲ್ಲ. ಆ ಡಿಫರೆನ್ಷಿಯಲ್ಲನ್ನು ಲಾಕ್ ಮಾಡಿ ಒಣ ರಸ್ತೆಯಲ್ಲಿ ಓಡಿಸಿದರೆ ಮಾತ್ರ ಜೀಪಿನ ಕಥೆಯೇ. ಸಿಆರ್-ವಿಯದು ಇನ್ನೊಂದು ಬಗೆ. ಅದು ಮುಂದಿನ ಚಕ್ರದ ಗಾಡಿ, ಮುಂದಿನದು ಜಾರಿದಾಗ ಹಿಂದಿನ ಹೌಸಿಂಗಿನೊಳಗಿನ ಎರಡು ಪಂಪುಗಳು ಆಯಿಲಿನ ಒತ್ತಡದಿಂದ ಕ್ಲಚ್ ಒತ್ತಿ ಹಿಂದಿನ ಚಕ್ರವನ್ನೂ ಎಳೆಸುತ್ತವೆ. ಈ ಗಾಡಿ ನಿಲ್ಲಿಸುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಹಿಂದಿನಿಂದ ಗೊರ್ ಅಂತ ನರಳುತ್ತದಾ? ಬಹಳ ಸಲ ಅದಕ್ಕೆ ಕಾರಣ ಹಳಸಿದ ಆಯಿಲ್, ಅಷ್ಟೇ. ಹೋಂಡಾದವರ ಡ್ಯುಯಲ್ ಪಂಪ್ ಆಯಿಲನ್ನೇ ಹಾಕಬೇಕು. ಅಂಗಡಿಯಲ್ಲಿ ಸಿಗುವ 80ಡಬ್ಲ್ಯು-90 ಗೇರ್ ಆಯಿಲ್ ಅದಕ್ಕೆ ಆಗದು. ಆಯಿಲ್ ಬದಲಾಯಿಸಿದರೆ ಹೋಗುವ ಸದ್ದಿಗೆ ಇಡೀ ಡಿಫರೆನ್ಷಿಯಲ್ ಇಳಿಸಿದವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಈಗ ಟೈರಿನ ಮಾತು. ಸದಾ ನಾಲ್ಕು ಚಕ್ರ ಎಳೆಯುವ ಗಾಡಿಗೆ ದೊಡ್ಡ ಶತ್ರು ಕಲ್ಲುಬಂಡೆಯಲ್ಲ, ಹೊಂದಿಕೆಯಿಲ್ಲದ ಟೈರು. ಹಿಂದೆ ಎರಡು ಹೊಸದು ಹಾಕಿಸಿ, ಮುಂದೆ 3 ಮಿಲಿಮೀಟರ್ ಸವೆದದ್ದನ್ನೇ ಉಳಿಸಿಕೊಂಡರೆ ಸುತ್ತಳತೆಯಲ್ಲಿ ಸುಮಾರು 19 ಮಿಲಿಮೀಟರ್ ವ್ಯತ್ಯಾಸ ಬೀಳುತ್ತದೆ. ಚಕ್ರದ ಸುತ್ತಳತೆ 2 ಮೀಟರ್ ಚಿಲ್ಲರೆ ಇರುವ ಗಾಡಿಯಲ್ಲಿ ಮುಂದಿನ ಚಕ್ರ ಪ್ರತಿ ಕಿಲೋಮೀಟರಿಗೆ ಸುಮಾರು 4 ಸುತ್ತು ಹೆಚ್ಚು ತಿರುಗಬೇಕು. ರಾಮನಗರದಿಂದ ಮೈಸೂರು ಮುಟ್ಟುವಷ್ಟರಲ್ಲಿ ಅದು ನೂರಾರು ಸುತ್ತು, ನೇರ ರಸ್ತೆಯಲ್ಲೇ! ಅಷ್ಟೂ ಹೊತ್ತು ನಡುವಿನ ಡಿಫರೆನ್ಷಿಯಲ್ಲಿಗೋ ಕಪ್ಲಿಂಗಿಗೋ ಬಿಡುವಿಲ್ಲ, ಕಾಯುತ್ತಲೇ ಇರುತ್ತದೆ. ಶೆವ್ರೊಲೆ ಹೆಸರಿನಲ್ಲಿ ನಮ್ಮಲ್ಲಿಗೆ ಬಂದಿತ್ತಲ್ಲ ಫಾರೆಸ್ಟರ್, ಅದನ್ನು ಮಾಡಿದ ಸುಬಾರು ಕಂಪನಿ ಸುತ್ತಳತೆಯಲ್ಲಿ ಕಾಲು ಇಂಚು, ಅಂದರೆ ಸುಮಾರು 6 ಮಿಲಿಮೀಟರ್ ವ್ಯತ್ಯಾಸಕ್ಕಿಂತ ಹೆಚ್ಚಿಗೆ ಒಪ್ಪುವುದಿಲ್ಲ. ದರ್ಜಿಯ ಟೇಪು ತಂದು ನಾಲ್ಕೂ ಟೈರಿಗೆ ಸುತ್ತಿ ಅಳೆಯಿರಿ, ಗಾಳಿಯನ್ನು ಕಂಪನಿ ಹೇಳಿದಷ್ಟಕ್ಕೇ ಇಡಿ. ಮುಕ್ಕಾಲು ಪಾಲು ‘ಗೇರ್‌ಬಾಕ್ಸ್ ತೊಂದರೆ’ ಇಲ್ಲೇ ಬಯಲಾಗುತ್ತದೆ ಅಂತ ನನ್ನ ನಂಬಿಕೆ.

ಆಯಿಲ್ ನೋಡಲು ಹೆದರಬೇಡಿ. ಡ್ರೈನ್ ಪ್ಲಗ್ಗಿನ ಅಯಸ್ಕಾಂತದ ಮೇಲೆ ಕಾಡಿಗೆಯ ಹಾಗೆ ನುಣ್ಣಗಿನ ಪುಡಿ ಇದ್ದರೆ ಅದು ವಯಸ್ಸಿನ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆದಿದೆ, ಗಾಡಿ ಮುಂದಕ್ಕೆ ಓಡಿಸಬೇಡಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ನೀರು ಹೋಗುವ ದಾರಿ ತಿಳಿದುಕೊಳ್ಳಿ: ದೂರ ಓಡಿ ಕಾದ ಆಕ್ಸಲನ್ನು ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಫಕ್ಕನೆ ತಣ್ಣಗಾಗಿ ಕುಗ್ಗುತ್ತದೆ. ಮೇಲಿನ ಬ್ರೀದರ್, ಅಂದರೆ ಗಾಳಿಯಾಡುವ ದಾರಿ, ಕೆಸರಿನಿಂದ ಕಟ್ಟಿಕೊಂಡಿದ್ದರೆ ಸೀಲಿನ ಅಂಚಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಅದೇ ಬ್ರೀದರ್ ಕಟ್ಟಿದ್ದರೆ ಕಾದಾಗ ಒತ್ತಡ ಹೆಚ್ಚಿ ಸೀಲಿನಿಂದ ಆಯಿಲ್ ಹೊರಗೂ ಬರುತ್ತದೆ. ಸೀಲ್ ಎರಡು ಸಲ ಬದಲಾಯಿಸಿದರೂ ಸೋರುತ್ತಿದೆ ಅಂದರೆ ಬ್ರೀದರ್ ಊದಿ ನೋಡಿ, ಕಾಸು ಖರ್ಚಿಲ್ಲದ ಕೆಲಸ. ಆಯಿಲ್ ಹಾಕುವಾಗ ಜಿಎಲ್-4, ಜಿಎಲ್-5 ಎರಡೂ ಒಂದೇ ಅಂದುಕೊಳ್ಳಬೇಡಿ. ಜಿಎಲ್-5 ಹಳೇ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು. ಗಾಡಿಯ ಪುಸ್ತಕ ಹೇಳಿದ್ದೇ ಸರಿ.

ಇನ್ನು ಸದ್ದು. ಕ್ಲಚ್ ಬಿಟ್ಟೊಡನೆ ‘ಢಕ್’ ಅಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸಡಿಲವಾಗಿರಬಹುದು, ಇಲ್ಲವೆ ಜಾರುವ ಸ್ಪ್ಲೈನಿಗೆ ಗ್ರೀಸ್ ಇಲ್ಲ. ಗಾಡಿಯ ಕೆಳಗೆ ಕೈಹಾಕಿ ಶಾಫ್ಟನ್ನು ಆಕಡೆ ಈಕಡೆ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ‘ಟಿಕ್ ಟಿಕ್’ ಅಂದರೆ ಮುಂದಿನ ಜಾಯಿಂಟು. ಎಳೆಯುವಾಗ ಗೂಂಗುಟ್ಟಿ ಆಕ್ಸಿಲರೇಟರ್ ಬಿಟ್ಟೊಡನೆ ನಿಂತರೆ ಕ್ರೌನ್-ಪಿನಿಯನ್ ಕಡೆ ಅನುಮಾನಪಡಿ. ಬಲಕ್ಕೆ ತಿರುಗಿದಾಗ ಗೂಂ ಹೆಚ್ಚಾದರೆ ಭಾರ ಎಡಕ್ಕೆ ಬಿದ್ದಿದೆ, ಎಡಗಡೆಯ ಚಕ್ರದ ಬೇರಿಂಗ್ ನೋಡಿ. ಟಾರಿನಿಂದ ಮಣ್ಣಿಗಿಳಿದಾಗ ಸದ್ದೇ ಬದಲಾದರೆ ಅದು ನಿಮ್ಮ ಮಡ್ ಟೈರಿನ ಹಾಡು.

ಅದುರಿಕೆಗೆ ಒಂದು ಪರೀಕ್ಷೆ ಇದೆ. ಖಾಲಿ ರಸ್ತೆಯಲ್ಲಿ ಅದುರುವ ವೇಗಕ್ಕೆ ಹೋಗಿ ಕ್ಲಚ್ ಒತ್ತಿ, ಎಂಜಿನ್ ಐಡಲಿಗೆ ಇಳಿಯಲಿ. ಆಗಲೂ ಅದುರುತ್ತಿದ್ದರೆ ಎಂಜಿನ್ ತಪ್ಪಲ್ಲ, ಶಾಫ್ಟು ಇಲ್ಲವೆ ಚಕ್ರ. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಯನ್ನು ನೋಡಿದ್ದೀರಲ್ಲ, ಪಟ್ಟಡೆಗೆ ಕಚ್ಚಿಸಿದ ಆಲೆಮರದ ತುಂಡು ಕೂದಲೆಳೆಯಷ್ಟು ಓರೆಯಿದ್ದರೂ ಅವರ ಬೆರಳಿಗೆ ಗೊತ್ತಾಗುತ್ತದೆ. ಉದ್ದನೆಯ ಶಾಫ್ಟೂ ಹಾಗೇ ನೇರ, ಹಾಗೇ ಸಮತೂಕವಿರಬೇಕು. ಬಿಚ್ಚುವ ಮುನ್ನ ಎರಡು ಕಡೆಗೂ ಬಣ್ಣದ ಗುರುತು ಹಾಕಿಸಿ. ಸ್ಪ್ಲೈನ್ ಒಂದು ಹಲ್ಲು ಆಚೀಚೆ ಕೂತರೂ ಎರಡು ಯೋಕುಗಳ ನೇರ ತಪ್ಪಿ ಇಲ್ಲದ ಅದುರಿಕೆ ಹುಟ್ಟುತ್ತದೆ. ಜಿಪ್ಸಿಯವರಿಗೆ ವಿಶೇಷವಾಗಿ ಹೇಳುತ್ತೇನೆ. ನಿಮ್ಮ ಗಾಡಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯಾಗಿ ರಬ್ಬರಿನ ಮೇಲೆ ಕೂತಿದೆ. ಅದಕ್ಕೇ ಮೂರು ಶಾಫ್ಟು. ಆ ರಬ್ಬರ್ ಹರಿದರೆ ಮೂರೂ ಕೋನ ಕೆಡುತ್ತವೆ, ಲಿವರ್ ಜಿಗಿದು ಬರುತ್ತದೆ. ಎಷ್ಟೋ ಸಲ ‘ಟ್ರಾನ್ಸ್‌ಫರ್ ಹೋಯಿತು’ ಅಂದದ್ದು ಮೂರು ರಬ್ಬರಿನ ಕೆಲಸ.

ಪ್ರಾಣದ ಮಾತು ಎರಡಿವೆ, ಇವನ್ನು ಮರೆತರೆ ನನಗೆ ಸಿಟ್ಟು ಬರುತ್ತದೆ. ನಾಲ್ಕು ಚಕ್ರ ಎಳೆಯುವ ಗಾಡಿಯ ಒಂದು ಚಕ್ರ ಎತ್ತಿ ಎಂಜಿನ್ ಚಾಲೂ ಮಾಡಿ ಗೇರ್ ಹಾಕಬೇಡಿ. ನೆಲದ ಮೇಲಿರುವ ಚಕ್ರಗಳು ಎಳೆದು ಗಾಡಿ ಜಾಕಿನಿಂದ ಹಾರುತ್ತದೆ. ಇನ್ನೊಂದು, ಹಳೇ ವಿಲ್ಲಿಸ್ ಮಾದರಿ ಜೀಪುಗಳ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿನಲ್ಲಿದೆ. ಹಿಂದಿನ ಒಂದು ಚಕ್ರ ಎತ್ತಿದರೆ ಡಿಫರೆನ್ಷಿಯಲ್ ತಿರುಗಿ ಗಾಡಿ ಉರುಳುತ್ತದೆ, ಹ್ಯಾಂಡ್‌ಬ್ರೇಕ್ ಎಷ್ಟೇ ಎಳೆದಿದ್ದರೂ ಸರಿ. ಹಿಂದಿನ ಶಾಫ್ಟ್ ಬಿಚ್ಚಿದರಂತೂ ಹ್ಯಾಂಡ್‌ಬ್ರೇಕೇ ಇಲ್ಲ. ಚಕ್ರಕ್ಕೆ ಕಲ್ಲು ಕೊಡದೆ ಕೆಳಗೆ ಹೋಗಬೇಡಿ. ಎಕ್ಸ್‌ಪ್ರೆಸ್‌ವೇಯಲ್ಲಿ ಕೆಟ್ಟು ನಿಂತರೆ ಎರಡು ಚಕ್ರ ಎತ್ತಿ ಎಳೆಯುವವರನ್ನು ಕರೆಯಬೇಡಿ, ನಾಲ್ಕನ್ನೂ ಹೊತ್ತೊಯ್ಯುವ ಗಾಡಿಗೇ ಹೇಳಿ.

ಗಾಡಿ ಸರಿಯಾದ ಮೇಲೆ ಪರೀಕ್ಷೆಗೆ ಕಾಡಿಗೆ ನುಗ್ಗಬೇಡಿ. ಸಂಗಮ, ಮೇಕೆದಾಟಿನ ಸುತ್ತ ಕಾವೇರಿ ವನ್ಯಧಾಮವಿದೆ. ರಾಮದೇವರಬೆಟ್ಟ 2012ರಿಂದ ರಣಹದ್ದುಗಳ ಧಾಮ. ನಿಮ್ಮ ತೋಟದ ದಿಬ್ಬ ಸಾಕು.

ಮೆಕ್ಯಾನಿಕ್ ‘ಬಿಚ್ಚೋಣ’ ಅಂದಾಗ ಬೈಯಬೇಡಿ, ಜಗಳ ಬೇಡ. ‘ಅಣ್ಣ, ಮೊದಲು ಡ್ರೈನ್ ಪ್ಲಗ್ ತೆಗೆದು ಆಯಿಲ್ ತೋರಿಸು, ಆಮೇಲೆ ಟೈರು ಅಳೆಯೋಣ’ ಅನ್ನಿ. ಒಳ್ಳೆಯ ಕೆಲಸಗಾರ ಖುಷಿಯಿಂದ ತೋರಿಸುತ್ತಾನೆ. ತೋರಿಸಲು ಒಪ್ಪದವನ ಕೈಗೆ ಗಾಡಿಯ ಕೀ ಕೊಡಬೇಡಿ.